ಕುಬಸದ ಹೊತ್ತಿಗೆ ಕೈಕೊಟ್ಟ ಫ್ರೀಜರು

ನಮ್ಮ ಮನೆಗೆ ಆ ಫ್ರೀಜರು ಬಂದದ್ದು ಶಿಗ್ಗಾವಿಯಿಂದ. ಅಲ್ಲಿ ಯಾರೋ ಐಸ್‌ಕ್ರೀಮ್ ಅಂಗಡಿ ಮುಚ್ಚಿ ಸಾಮಾನು ಮಾರುತ್ತಿದ್ದಾರೆಂಬ ಸುದ್ದಿ ನಮ್ಮನೆಯವರ ಕಿವಿಗೆ ಬಿದ್ದಿತ್ತು. ಗೊಬ್ಬರ ತರ್ತೇನಿ ಅಂತ ಟ್ರ್ಯಾಕ್ಟರ್ ತಗೊಂಡು ಹೋದವರು ಸಂಜೆ ಗೊಬ್ಬರವಿಲ್ಲದೆ ಬಂದರು. ಟ್ರೇಲರಿನಲ್ಲಿ ಹಗ್ಗ ಬಿಗಿದ ಒಂದು ಬಿಳಿ ಪೆಟ್ಟಿಗೆ ಇತ್ತು. ಮುಚ್ಚಳ ಮೇಲಿನಿಂದ ತೆರೆಯುವಂಥದ್ದು, ಒಬ್ಬ ಮನುಷ್ಯ ಕಾಲು ಚಾಚಿ ಮಲಗುವಷ್ಟು ಉದ್ದ.

ನಮ್ಮ ಅತ್ತೆ ಕಟ್ಟೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದವರು ಎದ್ದು ಬಂದು ಅದರ ಸುತ್ತ ಒಂದು ಸುತ್ತು ಹಾಕಿದರು.

“ಇದೇನ್ ತಂದೀಯೋ ತಮ್ಮಾ? ಹೆಣಾ ಇಡೋ ಪೆಟಿಗಿ ಇದ್ದಂಗ ಐತಲ್ಲೋ!”

“ಮಾವಿನಹಣ್ಣಿನ ರಸಾ ಇಡೋ ಪೆಟಿಗಿ ಬೇ,” ಅಂದರು ನಮ್ಮನೆಯವರು. “ವರ್ಷಾ ಹಣ್ಣ ಕೊಳತ ಹೋಗ್ತಾವು ಅಂತ ನೀನಽ ಅಳತಿದ್ದಿ. ಇನ್ನ ಅಳಬ್ಯಾಡ.”

ಹಾನಗಲ್ಲಿನ ಸುತ್ತ ಮಾವಿನ ತೋಟ ಇರುವ ಎಲ್ಲ ಮನೆಗಳದೂ ಇದೇ ಕಥೆ. ಹಣ್ಣು ಬಂದರೆ ಒಮ್ಮೆಲೇ ಬರುತ್ತವೆ. ಮಾರಿದ್ದು ಮಾರಿ, ಬೀಗರಿಗೆ ಕಳಿಸಿದ್ದು ಕಳಿಸಿ, ಉಳಿದ ಆಪೂಸು ಹುಲ್ಲಿನಲ್ಲಿ ಕೂತು ಘಮಘಮ ಅನ್ನುತ್ತ ಕಪ್ಪಾಗುತ್ತವೆ. ಆ ವರ್ಷ ಮಾತ್ರ ನಾನು ಮತ್ತು ಅತ್ತೆ ಕೂತು ಹಣ್ಣು ಹಿಂಡಿದ್ದೇ ಹಿಂಡಿದ್ದು. ಮೊಣಕೈವರೆಗೂ ಹಳದಿ. ರಸವನ್ನು ಪ್ಲಾಸ್ಟಿಕ್ ಪಾಕೀಟಿನಲ್ಲಿ ತುಂಬಿ, ಗಂಟು ಹಾಕಿ, ಚಪ್ಪಟೆಯಾಗಿ ಒಂದರ ಮೇಲೊಂದು ಪೇರಿಸಿದೆವು. ಮಾರನೆಯ ದಿನ ಮುಚ್ಚಳ ತೆಗೆದು ನೋಡಿದರೆ ಎಲ್ಲವೂ ಅಂಗಳಕ್ಕೆ ಹಾಸುವ ಹಾಸುಗಲ್ಲಿನಂತೆ ಗಟ್ಟಿ. ಅತ್ತೆ ಒಂದನ್ನು ಎತ್ತಿ ನೆಲಕ್ಕೆ ಬಡಿದು ಸದ್ದು ಕೇಳಿದರು. ಆವತ್ತಿನಿಂದ ಅವರಿಗೂ ಆ ಪೆಟ್ಟಿಗೆಗೂ ಸ್ನೇಹ ಕುದುರಿತು. ಅದಕ್ಕೆ ಧೂಳು ಕೂಡಬಾರದೆಂದು ತಾವೇ ಹೊಲಿದ ಒಂದು ದೊಡ್ಡ ಕೌದಿಯನ್ನು ಮೇಲೆ ಹೊದಿಸಿದರು. ಬಂದವರಿಗೆಲ್ಲ ಕೌದಿ ಸರಿಸಿ, ಮುಚ್ಚಳ ಎತ್ತಿ ತೋರಿಸುವುದು ಅವರ ಕೆಲಸವಾಯಿತು.

ಫ್ರೀಜರು ಇದ್ದದ್ದು ಪಡಸಾಲೆಯಲ್ಲಿ, ನನ್ನ ಹೊಲಿಗೆ ಮಷಿನ್ನಿನ ಪಕ್ಕಕ್ಕೆ. ಊರಿನ ಹೆಣ್ಣುಮಕ್ಕಳ ಜಂಪರು ಹೊಲಿಯುವುದು ನನ್ನ ಉದ್ಯೋಗ. ಮದುವೆಗೆ ಮುಂಚೆ ತವರಲ್ಲಿ, ಹಿರೇಬೆಂಡಿಗೇರಿಯಲ್ಲಿ ಕಲಿತದ್ದು. ಅಲ್ಲಿಂದ ತಂದ ಮಷಿನ್ನೇ ಇವತ್ತಿಗೂ ನಡೆದಿದೆ. ನಾನು ಹೊಲಿಯುವಾಗ ಒಂದು ಕಿವಿಗೆ ಮಷಿನ್ನಿನ ಸದ್ದು, ಇನ್ನೊಂದಕ್ಕೆ ಫ್ರೀಜರಿನದು.

ಮಳೆಗಾಲದಲ್ಲಿ ನಮ್ಮ ನಾದಿನಿ ಬಸುರಾದ ಸುದ್ದಿ ಬಂತು. ಅವಳನ್ನು ಸವಣೂರಿನ ಆಚೆ ಹತ್ತಿಮತ್ತೂರಿಗೆ ಕೊಟ್ಟಿದೆ. ಮದುವೆಯಾಗಿ ನಾಲ್ಕೈದು ವರ್ಷ ಕಳೆದಿದ್ದವು. ಹಾಗಾಗಿ ಆ ಸುದ್ದಿ ಬಂದ ದಿನ ಅತ್ತೆ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಅತ್ತರು. ಆಮೇಲೆ ಮೂಗು ಒರೆಸಿಕೊಂಡು ಸಜ್ಜಕ ಮಾಡಿದರು. ನಾಗರಪಂಚಮಿಗೆ ಬಂದಾಗ ನಾದಿನಿಗೆ ತಿನ್ನಲು ಏನೂ ಹೋಗುತ್ತಿರಲಿಲ್ಲ. ಉಂಡಿ ಮುಟ್ಟಲಿಲ್ಲ, ಜೋಳ ಹುರಿದ ಅಳ್ಳಿನ ವಾಸನೆಗೇ ಹಿತ್ತಲಿಗೆ ಓಡುತ್ತಿದ್ದಳು. ಐದನೇ ತಿಂಗಳು ಬಿದ್ದು ಕುಬಸದ, ಅಂದರೆ ಸೀಮಂತದ, ಮಾತು ಶುರುವಾದ ಮೇಲೆ ಫೋನಿನಲ್ಲಿ ಅವಳ ದನಿಯೇ ಬದಲಾಯಿತು.

“ವೈನೀ, ಮಾವಿನ ರಸಾ ಇನ್ನೂ ಐತೇನ?”

“ಪೆಟಿಗಿ ತುಂಬ ಐತಿ.”

“ಯಾರಿಗೂ ಕೊಡಬ್ಯಾಡ್ರಿ. ಕುಬಸಕ್ಕ ಬರೂಮುಂದ ತರ್ರಿ. ಹೋಳಿಗಿ ಬಿಟ್ಟಬಂದ್ರೂ ಚಿಂತಿಲ್ಲ, ಸೀಕರಣಿ ಬೇಕಽ ಬೇಕು. ಇಲ್ಲಿ ಈ ದಿನದಾಗ ಎಲ್ಲಿ ಹುಡಕಿದ್ರೂ ಮಾವಿನಹಣ್ಣ ಇಲ್ಲ. ರಾತ್ರಿ ಕನಸಿನ್ಯಾಗ ಬರಾಕತ್ತಾವು.”

ಅತ್ತೆ ನನ್ನ ಕೈಯಿಂದ ಫೋನು ಕಸಿದುಕೊಂಡು “ತರ್ತೇವಿ ನನ್ನವ್ವಾ, ಪೆಟಿಗೀನಽ ಹೊತಗೊಂಡ ಬರ್ತೇವಿ” ಅಂದರು. ಬಸುರಿಯ ಬಯಕೆ ತೀರದಿದ್ದರೆ ಕೂಸಿನ ಬಾಯಲ್ಲಿ ಜೊಲ್ಲು ಸುರಿಯುತ್ತದೆ ಅನ್ನುವುದನ್ನು ಅವರು ಎಷ್ಟು ನಂಬಿದ್ದರೋ ಗೊತ್ತಿಲ್ಲ. ಆದರೆ ಅವತ್ತಿನಿಂದ ಆ ರಸವನ್ನು ಮನೆಯಲ್ಲಿ ನಾವು ಯಾರೂ ಮುಟ್ಟುವ ಹಾಗಿರಲಿಲ್ಲ. ದೀಪಾವಳಿಗೆ ನಮ್ಮನೆಯವರು ಒಂದೇ ಒಂದು ಪಾಕೀಟು ಕೇಳಿದರೆ, “ನಿನಗ ಬಯಕಿ ಆಗ್ಯಾವೇನು?” ಅಂದುಬಿಟ್ಟರು.

ದೀಪಾವಳಿ ಮುಗಿಯುತ್ತಲೇ ಗೋವಿನಜೋಳದ ರಾಶಿ. ತೆನೆ ಕಿತ್ತು ತಂದು ಮನೆಯ ಮುಂದೆಯೇ ಹಾಕಿಸಿ, ಮಷಿನ್ನು ತರಿಸಿ ಕಾಳು ಮಾಡಿಸಿದೆವು. ಎರಡು ದಿನ ಊರಿಗೆ ಊರೇ ಕಾಣದಷ್ಟು ಧೂಳು. ತಲೆಗೆ ಟವೆಲ್ಲು ಕಟ್ಟಿಕೊಂಡೇ ಉಂಡೆವು, ಟವೆಲ್ಲು ಕಟ್ಟಿಕೊಂಡೇ ಮಲಗಿದೆವು. ಅದೊಂದು ಮುಗಿದರೆ ಮುಂದಿನ ವಾರವೇ ಕುಬಸ.

ರಾಶಿ ಮುಗಿದು ಮನೆ ಸಾರಿಸಿದ ಮಾರನೆಯ ದಿನ ಅತ್ತೆ ವಾಡಿಕೆಯಂತೆ ಪಾಕೀಟುಗಳನ್ನು ನೋಡಲು ಹೋದರು. ನಾನು ಕಟಿಂಗ್ ಮಾಡುತ್ತಿದ್ದೆ. ನಾದಿನಿಗೆ ಆ ದಿನ ತೊಡಿಸುವ ಜಂಪರಿಗೆಂದು ತಂದ ಹಸಿರು ಖಣ ಅದು; ಆ ಜಂಪರಿಗೂ ಕುಬಸ ಅಂತಲೇ ಹೆಸರು. ತೌರಿನ ಕುಬಸ ಅಂಗಡಿಯಲ್ಲಿ ಹೊಲಿಸಿದ್ದು ಇರಬಾರದು, ನಾನೇ ಹೊಲಿಯಬೇಕು ಅಂತ ಮೊದಲೇ ಹೇಳಿದ್ದಳು. ಕತ್ತರಿ ಖಣದ ಮೇಲೆ ಇಟ್ಟಿದ್ದೇನೆ, ಅತ್ತೆ ಚೀರಿದರು.

“ಬಾರಬೇ ಇಲ್ಲಿ! ಬೆರಳ ಒಳಗ ಹೋತು!”

ಏನೋ ಬೆರಳು ಸಿಕ್ಕಿಹಾಕಿಕೊಂಡಿತೆಂದು ಓಡಿದೆ. ಬೆರಳಿಗೇನೂ ಆಗಿರಲಿಲ್ಲ. ಮೇಲಿನ ಪಾಕೀಟಿನಲ್ಲಿ ಅವರ ತೋರುಬೆರಳು ಮೆತ್ತಗೆ ಮುಳುಗಿತ್ತು. ಇನ್ನೊಂದನ್ನು ಎತ್ತಿದೆ. ಅದು ಎರಡೂ ಕಡೆ ಜೋತು ಬಿತ್ತು. ಯಾವಾಗಲೂ ಬಿಳಿ ಹಿಮ ಹಿಡಿದು ಕೂತಿರುತ್ತಿದ್ದ ಒಳಗೋಡೆಗಳು ಬೆವತು ನೀರು ಇಳಿಯುತ್ತಿದ್ದವು. ಕೆಳಗಿನ ಸಾಲುಗಳಲ್ಲಿ ಮಾತ್ರ ಅಂಚು ಕರಗಿ ನಡುವೆ ಗಡ್ಡೆ ಉಳಿದಿತ್ತು.

“ಕರೆಂಟ್ ಹೋಗಿತ್ತೇನ?” ಅಂದರು.

“ಇಲ್ರೀ ಅತ್ತಿ. ಕೇಳ್ರಿ, ಓಡಾಕತ್ತೈತಿ.”

ಇಬ್ಬರೂ ಕಿವಿ ಕೊಟ್ಟೆವು. ಗುಂಯ್ ಅನ್ನುತ್ತಲೇ ಇತ್ತು.

“ಓಡಾಕತ್ತೈತಿ ಖರೆ,” ಅಂದರು ಅತ್ತೆ, “ದಿನಾ ಪೂರ್ತಿ ಅಡವ್ಯಾಗ ಅಡ್ಡಾಡಿ ಹೊಟ್ಟಿ ಖಾಲಿ ಬಂದ ದನದಂಗ.”

ನಮ್ಮನೆಯವರು ಬಂದು ಮೊದಲು ಮಾಡಿದ್ದು, ತಂಪು ಹೆಚ್ಚುಕಡಿಮೆ ಮಾಡುವ ತಿರುಗಣಿಯನ್ನು ಕೊನೆಯವರೆಗೂ ತಿರುವಿದ್ದು. “ಮುಂಜಾನಿ ತನಕಾ ಕಲ್ಲಾಗತಾವು ನೋಡ್ರಿ.” ಮುಂಜಾನೆ ನೋಡಿದರೆ ನಡುವಿನ ಗಡ್ಡೆಗಳೂ ಸಣ್ಣಗಾಗಿದ್ದವು. ಆಮೇಲೆ ಸ್ಟೆಬಿಲೈಸರ್ ನೋಡಿದರು. ಮುಳ್ಳು ಎಲ್ಲಿರಬೇಕೋ ಅಲ್ಲೇ ಇತ್ತು. ಮುಚ್ಚಳದ ರಬ್ಬರು ಸಡಿಲಾಗಿ ತಂಪು ಸೋರುತ್ತಿರಬೇಕು ಅಂತ ನನಗೆ ಅನಿಸಿತು. ಪೇಪರಿನ ತುಂಡೊಂದನ್ನು ರಬ್ಬರಿನ ನಡುವೆ ಇಟ್ಟು, ಮುಚ್ಚಳ ಹಾಕಿ ಎಳೆದು ನೋಡಿದೆವು. ನಾಲ್ಕೂ ಕಡೆ ಬಿಗಿಯಾಗೇ ಹಿಡಿಯಿತು. ಒಂದು ಮೂಲೆಯಲ್ಲಿ ಹಳೆಯ ರಸ ಅಂಟಿ ಗಟ್ಟಿಯಾಗಿತ್ತು. ಅದನ್ನು ಬಿಸಿನೀರಿನ ಬಟ್ಟೆಯಿಂದ ಒರೆಸಿದೆ. ಅಲ್ಲೂ ಹಿಡಿಯಿತು.

ಕೊನೆಗೆ ಹಾನಗಲ್ಲಿನ ಮೆಕ್ಯಾನಿಕ್‌ಗೆ ಫೋನು ಮಾಡಿದರು. ಆತ ಯಾವುದೋ ಕೆಲಸ ಹಿಡಿದು ಹುಲಗೂರಿಗೆ ಹೋಗಿದ್ದ.

“ಮೋಟರ್ ಓಡತೈತಿ, ತಂಪ ಆಗೂದಿಲ್ಲ ಅಂದ್ರ ಗ್ಯಾಸ್ ಹೋಗಿರಬೇಕ್ರಿ,” ಅಂದ. “ಅಂಗಡೀಗೆ ತರಬೇಕಾಗತೈತಿ. ನಾ ಬರಾಕ ಇನ್ನ ಎರಡ ಮೂರ ದಿನಾ ಆಗತೈತ್ರಿ.”

ಎರಡು ಮೂರು ದಿನದಲ್ಲಿ ರಸ ಹುಳಿಯಾಗುತ್ತದೆ ಎಂದು ಹೇಳಲು ಮೆಕ್ಯಾನಿಕ್ ಬೇಕಿರಲಿಲ್ಲ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಎಲ್ಲ ಪಾಕೀಟುಗಳನ್ನೂ ಹೊರಗೆ ತೆಗೆದು ಪರಾತದಲ್ಲಿ ಹರವಿ, ಒಂದೊಂದನ್ನೇ ಒತ್ತಿ ನೋಡಿದರು. ಪೂರ್ತಿ ಕರಗಿದ್ದು ಒಂದು ಕಡೆ, ನಡುವೆ ಗಡ್ಡೆ ಇದ್ದದ್ದು ಇನ್ನೊಂದು ಕಡೆ.

“ಗಡ್ಡಿ ಇದ್ದದ್ದು ಮಂದೀ ಮನ್ಯಾಗಿನ ಫ್ರಿಜ್ಜಿಗೆ ಹೋಗ್ಲಿ. ಕರಗಿದ್ದು ಇವತ್ತಽ ಖರ್ಚಾಗ್ಲಿ.”

ನಾನು ಬುಟ್ಟಿ ಹೊತ್ತೆ, ಅವರು ಮುಂದೆ ನಡೆದರು. ನಮ್ಮ ಓಣಿಯಲ್ಲಿ ಐದಾರು ಮನೆಗಳಲ್ಲಿ ಫ್ರಿಜ್ಜು ಇವೆ. ಪ್ರತಿ ಮನೆಯಲ್ಲೂ ಮೇಲಿನ ಬರ್ಫಿನ ಖಾನೆಯಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟು ಇಟ್ಟು, “ನನ್ನ ಮಗಳ ಕುಬಸದ್ದೈತಿ, ಇಟಗೋರಿ. ಮುಟ್ಟಬ್ಯಾಡ್ರಿ” ಅಂತ ಹೇಳಿ ಬಂದರು. ಎದುರುಮನೆಯ ಅಕ್ಕನ ಫ್ರಿಜ್ಜಿನ ಖಾನೆ ಖಾಲಿ ಇರಲಿಲ್ಲ. ಮೊಮ್ಮಕ್ಕಳಿಗೆಂದು ಗ್ಲಾಸಿನಲ್ಲಿ ಕಡ್ಡಿ ಚುಚ್ಚಿ ಐಸ್ ಇಟ್ಟಿದ್ದಳು. ಅವನ್ನು ತೆಗೆದು ಅಲ್ಲೇ ನಮ್ಮ ಕೈಗೆ ಒಂದೊಂದು ಕೊಟ್ಟು, ಜಾಗ ಮಾಡಿದಳು. ನಾವಿಬ್ಬರೂ ಐಸ್ ಚೀಪುತ್ತ ಓಣಿಯಲ್ಲಿ ವಾಪಸು ಬರುವುದನ್ನು ನೋಡಿ ನಮ್ಮನೆಯವರು ತಲೆ ಮೇಲೆ ಕೈ ಇಟ್ಟುಕೊಂಡರು.

ಕರಗಿದ ರಸಕ್ಕೆ ಹಾಲು, ಬೆಲ್ಲ, ಏಲಕ್ಕಿ ಹಾಕಿ ಕೊಪ್ಪರಿಗೆಯಂಥ ಪಾತ್ರೆಯ ತುಂಬ ಸೀಕರಣಿ ಆಯಿತು. ನಾನು ಚಪಾತಿ ಲಟ್ಟಿಸಿದೆ, ಎದುರುಮನೆಯ ಅಕ್ಕ ಬೇಯಿಸಿದಳು. ಓಣಿಯ ಮಂದಿ ತಾಟು ತಗೊಂಡು ಬಂದರು. ನವೆಂಬರದಲ್ಲಿ ಆಪೂಸಿನ ಸೀಕರಣಿ ಅಂದರೆ ಯಾರು ತಾನೇ ಬರುವುದಿಲ್ಲ? ಉಂಡವರೆಲ್ಲ ಫ್ರೀಜರಿಗೆ ಏನಾಗಿದೆ ಅಂತ ತಮತಮಗೆ ತಿಳಿದದ್ದು ಹೇಳಿ ಹೋದರು. ಒಬ್ಬರು ಗ್ಯಾಸು ಅಂದರು, ಒಬ್ಬರು ಮೋಟರು, ಇನ್ನೊಬ್ಬರು ದೃಷ್ಟಿ. ದೃಷ್ಟಿ ಅಂದ ಮಾತು ಅತ್ತೆಗೆ ಸರಿ ಅನಿಸಿತು. ಅವರೇ ಅಲ್ಲವೇ ಬಂದವರಿಗೆಲ್ಲ ಮುಚ್ಚಳ ತೆಗೆದು ತೋರಿಸಿದ್ದು! ಉಪ್ಪು, ಒಣಮೆಣಸಿನಕಾಯಿ ಹಿಡಿದು ಫ್ರೀಜರಿಗೆ ಮೂರು ಸುತ್ತು ಇಳಿತೆಗೆದು ಒಲೆಗೆ ಹಾಕಿದರು. ಮನೆಯೆಲ್ಲ ಘಾಟು. ಕೆಮ್ಮುತ್ತ ನಮ್ಮನೆಯವರು, “ಫ್ರೀಜರ್ ಹಂಗಽ ಐತಿ, ನಂದಽ ಗ್ಯಾಸ್ ಹೋತು” ಅಂದರು.

ಮಧ್ಯಾಹ್ನ ಎಲ್ಲ ಒಂದು ಹದಕ್ಕೆ ಬಂತು. ನಮ್ಮನೆಯವರು ಫ್ರೀಜರನ್ನು ಹಾನಗಲ್ಲಿಗೆ ಒಯ್ದು ಅಂಗಡಿಯ ಮುಂದೆ ಇಟ್ಟಾದರೂ ಬರುತ್ತೇನೆ ಅಂತ ಟ್ರ್ಯಾಕ್ಟರಿಗೆ ಟ್ರೇಲರು ಜೋಡಿಸಲು ಹೋದರು. ನಾನು ಕುಬಸಕ್ಕೆ ಕೂತೆ. ಒಂದು ತೋಳು ಹಚ್ಚಿ ಮುಗಿಸಿ, ಪೆಡಲು ನಿಲ್ಲಿಸಿ, ಅಂಚು ಮಡಚುತ್ತಿದ್ದೆ. ಪಕ್ಕದಲ್ಲಿ ಫ್ರೀಜರು ಗುಂಯ್ ಅನ್ನುತ್ತಿತ್ತು.

ಏನೋ ಒಂದು ಕಡಿಮೆ ಅನಿಸಿತು. ಅಡುಗೆಗೆ ಉಪ್ಪು ಹಾಕಿಲ್ಲ ಅನ್ನುವುದು ನಾಲಿಗೆಗೆ ತಿಳಿಯುವ ಮೊದಲೇ ಮನಸ್ಸಿಗೆ ಹೊಳೆಯುತ್ತದಲ್ಲ, ಹಾಗೆ. ಸೂಜಿ ಖಣಕ್ಕೆ ಚುಚ್ಚಿ ಇಟ್ಟು ಕಿವಿ ಕೊಟ್ಟೆ. ಇಷ್ಟು ತಿಂಗಳು ಅದರ ಪಕ್ಕ ಕೂತು ಹೊಲಿದ ನನಗೆ ಅದರ ಸದ್ದು ಗೊತ್ತಿತ್ತು. ಗುಂಯ್ ಅನ್ನುವ ದಪ್ಪ ಸದ್ದಿನ ಜೊತೆ ಇನ್ನೊಂದು ಇರುತ್ತಿತ್ತು. ಸಣ್ಣಗೆ, ಸುರ್ರ್ ಅಂತ, ಗಾಳಿಯ ಸದ್ದು. ಈಗ ಗುಂಯ್ ಇತ್ತು, ಸುರ್ರ್ ಇರಲಿಲ್ಲ. ಕೇಳುತ್ತಿದ್ದಂತೆ ಟಕ್ ಅಂತ ಗುಂಯ್ ಕೂಡ ನಿಂತಿತು. ಒಂದಿಷ್ಟು ಹೊತ್ತು ಸುಮ್ಮನಿದ್ದು, ಏದುಸಿರು ಬಿಟ್ಟವರ ಹಾಗೆ ಮತ್ತೆ ಶುರುವಾಯಿತು.

ಹೊರಗೆ ಓಡಿದೆ. “ತಡೀರಿ, ಒಯ್ಯಬ್ಯಾಡ್ರಿ. ಅದರಾಗಿನ ಗಾಳಿ ಸಪ್ಪಳ ಇಲ್ಲ.”

“ಪೆಟಿಗ್ಯಾಗ ಎಂಥಾ ಗಾಳಿ?”

“ಫ್ಯಾನ್ ಇದ್ದಂಗ ಸಪ್ಪಳ ಬರ್ತಿತ್ತು. ಈಗ ಬರವಲ್ದು. ನನ್ನ ಮಷಿನ್ನಿಂದು ಬೆಲ್ಟ್ ಜಾರಿದ್ರ ಗಾಲಿ ತಿರಗತೈತಿ, ಸೂಜಿ ಆಡೂದಿಲ್ಲ. ಇದೂ ಹಂಗಽ ಏನರ ಆಗಿರಬೇಕು. ಒಮ್ಮಿ ನೋಡೂಣು ಬರ್ರಿ.”

ಬಂದರು. ಎಲ್ಲಿ ನೋಡುವುದು? ಅತ್ತೆಯ ಕೌದಿ ನಾಲ್ಕೂ ಕಡೆ ನೆಲದವರೆಗೆ ಇಳಿಬಿದ್ದಿತ್ತು. ಮುಚ್ಚಳ ತೆಗೆಯುವಾಗಲೆಲ್ಲ ಅದನ್ನು ಮೇಲಿನಿಂದ ಅರ್ಧ ಮಡಚುತ್ತಿದ್ದೆವೇ ಹೊರತು ಪೂರ್ತಿ ತೆಗೆದದ್ದೇ ಇರಲಿಲ್ಲ. ಈಗ ತೆಗೆದೆ. ಬಲಗಡೆ ಕೆಳಗೆ ಒಂದು ಜಾಳಿಗೆ ಕಂಡಿತು, ಕಿಟಕಿಯ ಹಾಗೆ. ನಮ್ಮನೆಯವರು ಅಲ್ಲಿ ಅಂಗೈ ಇಟ್ಟು ಫಕ್ಕನೆ ಹಿಂದಕ್ಕೆ ತಗೊಂಡರು.

“ಅಬಬಾ! ಒಲೀ ಬಾಯಿ ಇದ್ದಂಗ ಐತಿ.”

“ತಂಪ ಮಾಡೂದು ಬಿಸಿ ಹೆಂಗಾತೋ?” ಅತ್ತೆ ಬಂದು ತಾವೂ ಮುಟ್ಟಿ ನೋಡಿದರು.

“ಒಳಗಿನ ಕಾವ ಎಳದ ಇಲ್ಲಿಂದ ಹೊರಗ ಹಾಕಬೇಕ ಬೇ ಇದು. ಹೊರಗ ಹೋಗಾಕ ಹಾದಿ ಇಲ್ಲಂದ್ರ?”

ಅತ್ತೆ ನೆಲದ ಮೇಲೆ ಬಿದ್ದಿದ್ದ ಕೌದಿಯನ್ನು ನೋಡಿದರು. ಅದನ್ನು ಎತ್ತಿ, ಮಡಚಿ, ತಮ್ಮ ಹಾಸಿಗೆಯ ಮೇಲೆ ಇಟ್ಟು ಬಂದರು.

ಪ್ಲಗ್ಗು ಕಿತ್ತು, ಸ್ವಲ್ಪ ಆರಲು ಬಿಟ್ಟೆವು. ನನ್ನ ಮಷಿನ್ನಿನ ಡ್ರಾಯರಿನಲ್ಲಿದ್ದ ಸ್ಕ್ರೂಡ್ರೈವರಿನಿಂದ ಜಾಳಿಗೆಯ ತಿರುಪು ಬಿಚ್ಚಿದರು. ಒಳಗೆ ಕಂಡದ್ದು ಮೊದಲು ನಮಗೆ ಅರ್ಥವೇ ಆಗಲಿಲ್ಲ. ಬೂದು ಬಣ್ಣದ ಒಂದು ದಪ್ಪ ಕಂಬಳಿ ನೇತುಹಾಕಿದಂತಿತ್ತು. ಬೆರಳಿನಿಂದ ಕೆರೆದಾಗ ಅದರ ಹಿಂದೆ ತೆಳ್ಳನೆಯ ತಗಡುಗಳ ಸಾಲು ಮಿಂಚಿತು. ಕಂಬಳಿ ಅಂದರೆ ಬೇರೇನಲ್ಲ, ನಮ್ಮದೇ ಗೋವಿನಜೋಳದ ಧೂಳು. ತೆನೆಯ ರೇಷ್ಮೆಯಂಥ ಕೂದಲು, ಸಿಪ್ಪೆಯ ಪುಡಿ, ಕೌದಿಯ ಹತ್ತಿ, ಎಲ್ಲ ಸೇರಿ ಹೆಪ್ಪುಗಟ್ಟಿತ್ತು. ಅದರ ಹಿಂದೆ ಅಂಗೈಯಗಲದ ಒಂದು ಫ್ಯಾನು. ಅದು ತಿರುಗುವ ಹಾಗೇ ಇರಲಿಲ್ಲ. ದಾರ ಸುತ್ತಿಕೊಂಡು ಸುತ್ತಿಕೊಂಡು ಅದರ ನಡು ಬೊಂಬೆಯ ಸೊಂಟದಷ್ಟು ದಪ್ಪಗಾಗಿತ್ತು.

“ಇದು ಯಾರದು?” ಅಂದರು ನಮ್ಮನೆಯವರು, ನನ್ನ ಕಡೆ ತಿರುಗಿ.

ಕೆಂಪು, ಹಳದಿ, ನೀಲಿ, ತರಾವರಿ ದಾರ. ನಾನು ಕತ್ತರಿಸಿ ನೆಲಕ್ಕೆ ಬಿಟ್ಟ ತುಂಡುಗಳೆಲ್ಲ ಗಾಳಿಗೆ ಹೋಗಿ ಅಲ್ಲಿ ಸೇರಿದ್ದವು. ಅತ್ತೆ ಕನ್ನಡಕ ಹಾಕಿಕೊಂಡು ಕೂತು, ಬಿಡಿಸಿದ ಒಂದೊಂದು ಎಳೆಯನ್ನೂ ಬೆಳಕಿಗೆ ಹಿಡಿದರು.

“ಈ ಗುಲಾಬಿ ಎದುರುಮನಿ ಅಕ್ಕಂದಲ್ಲೇನ? ಪಂಚಮೀಗೆ ಹೊಲಿದಿದ್ದಿ.”

“ಹೌದ್ರಿ.”

“ಈ ಜಾಂಬಳಿ ನಂದು.”

“ಅದೂ ಖರೆ.”

“ಹಂಗಾದ್ರ ಎಲ್ಲಾರೂ ಸೇರೇ ಹಾಳ ಮಾಡೇವಲ್ಲ,” ಅಂತ ಅವರು ಗಹಗಹಿಸಿ ನಕ್ಕರು. ಬೆಳಗಿನಿಂದ ಮುಖ ಗಂಟು ಹಾಕಿಕೊಂಡಿದ್ದವರು ಆಗಲೇ ಮೊದಲು ನಕ್ಕದ್ದು. ನಮ್ಮನೆಯವರು, “ಜ್ವಾಳ ನಂದು, ದಾರ ಇಕೀದು, ಕೌದಿ ನಿಂದು. ಪಾಪ, ಗ್ಯಾಸಿನ ಮ್ಯಾಲೆ ಸುಳ್ಳಽ ತಪ್ಪ ಹೊರಿಸಿದ್ವಿ” ಅಂದರು.

ಆಮೇಲಿನ ಕೆಲಸ ಹಬ್ಬಕ್ಕೆ ಮನೆ ತೊಳೆದ ಹಾಗೆ. ಸುಣ್ಣ ಹಚ್ಚುವ ಹೊಸ ಬ್ರಶ್ಶಿನಿಂದ ನಾನು ತಗಡುಗಳ ನಡುವಿನ ಧೂಳು ಮೆಲ್ಲಗೆ ಇಳಿಸಿದೆ; ಒತ್ತಿದರೆ ಅವು ಎಲೆಯಂತೆ ಮಡಚುತ್ತಿದ್ದವು. ನಮ್ಮನೆಯವರು ಸೈಕಲ್ ಪಂಪು ತಂದು ಹಿಂದಿನಿಂದ ಗಾಳಿ ಹೊಡೆದರು. ಮೊದಲ ಹೊಡೆತಕ್ಕೆ ಧೂಳೆಲ್ಲ ನನ್ನ ಮುಖಕ್ಕೇ ಬಂತು. ದಾರ ಪೂರ್ತಿ ಬಿಡಿಸಿದ ಮೇಲೂ ಫ್ಯಾನು ಬೆರಳಿಗೆ ಗಡಸಾಗಿ ತಿರುಗುತ್ತಿತ್ತು. ಮಷಿನ್ನಿಗೆ ಬಿಡುವ ಎಣ್ಣೆಯ ಒಂದು ಹನಿ ಅದರ ನಡುವಿಗೆ ಬಿಟ್ಟೆ. ಹಿಂದೆ ಮುಂದೆ ಆಡಿಸಿದೆ, ಬಿಟ್ಟೆ. ತಾನೇ ಎರಡು ಸುತ್ತು ಹೆಚ್ಚಿಗೆ ತಿರುಗಿ ನಿಂತಿತು.

ಜಾಳಿಗೆ ಹಾಕಿ, ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಮೊಳ ಈಚೆಗೆ ಎಳೆದು, ತಿರುಗಣಿಯನ್ನು ಮೊದಲಿದ್ದ ಜಾಗಕ್ಕೆ ತಂದು ಪ್ಲಗ್ಗು ಹಾಕಿದೆವು. ಗುಂಯ್. ಆಮೇಲೆ ಸುರ್ರ್. ಜಾಳಿಗೆಯ ಮುಂದೆ ಹಿಡಿದ ಅತ್ತೆಯ ಸೆರಗಿನ ತುದಿ ಪಟಪಟ ಹಾರಿತು.

“ಬಂತು ನೋಡು ಉಸಿರು,” ಅಂದರು.

ಆದರೆ ಸದ್ದು ಬಂದ ಮಾತ್ರಕ್ಕೆ ತಂಪು ಬಂದಂತಾಯಿತೇ? ಒಂದು ಸ್ಟೀಲಿನ ಬಟ್ಟಲಲ್ಲಿ ನೀರು ತುಂಬಿ ಒಳಗಿಟ್ಟು, ಮುಚ್ಚಳ ಹಾಕಿದೆವು. ಗ್ಯಾಸು ನಿಜವಾಗಿಯೂ ಹೋಗಿದ್ದರೆ ನೀರು ನೀರಾಗಿಯೇ ಇರುತ್ತದೆ. ಅಲ್ಲಿಂದ ಮರುದಿನದವರೆಗೆ ಮುಚ್ಚಳಕ್ಕೆ ಯಾರೂ ಕೈ ಹಚ್ಚಬಾರದೆಂದು ಅತ್ತೆಯ ಅಪ್ಪಣೆಯಾಯಿತು. ಅಪ್ಪಣೆ ಮಾಡಿದವರೇ ಎರಡು ಸಲ ಹತ್ತಿರ ಹೋಗಿ, ನಾನು ನೋಡುತ್ತಿದ್ದೇನೆಂದು ತಿಳಿದು, ಮುಚ್ಚಳದ ಮೇಲೆ ಇಲ್ಲದ ಧೂಳು ಒರೆಸಿ ವಾಪಸು ಬಂದರು.

ಬೆಳಿಗ್ಗೆ ನಾನು ಮುಖ ತೊಳೆಯುವ ಮೊದಲೇ ಪಡಸಾಲೆಯಿಂದ ಠಣ್ ಠಣ್ ಅಂತ ಸದ್ದು. ಹೋಗಿ ನೋಡಿದರೆ ಅತ್ತೆ ಬಟ್ಟಲನ್ನು ಬೋರಲು ಹಿಡಿದು ಚಮಚದಿಂದ ಬಡಿಯುತ್ತಿದ್ದಾರೆ. ಒಂದು ಹನಿಯೂ ಬೀಳುತ್ತಿಲ್ಲ.

“ನಿನ್ನ ಗಂಡನ್ನ ಎಬ್ಬಿಸು. ಗ್ಯಾಸ್ ಎಲ್ಲಿ ಹೋಗಿತ್ತಂತ ಕೇಳು.”

ನಮ್ಮನೆಯವರು ಬಟ್ಟಲು ನೋಡಿ, ಹುಲಗೂರಿನಲ್ಲಿದ್ದ ಮೆಕ್ಯಾನಿಕ್‌ಗೆ ಫೋನು ಹಚ್ಚಿ ಇನ್ನು ರಿಪೇರಿ ಬೇಡ ಅಂದರು. ಆತನೂ ಖುಷಿಪಟ್ಟ. “ಛಲೋ ಆತ್ರಿ, ಅಂಗಡಿ ತನಕಾ ಹೊತ್ತ ತರೂದು ಉಳೀತು. ವರ್ಷಕ್ಕೊಮ್ಮಿ ಹಂಗಽ ಸ್ವಚ್ಛ ಮಾಡಕೋತ ಇರ್ರಿ” ಅಂದನಂತೆ.

ಇನ್ನು ಓಣಿಯಿಂದ ಪಾಕೀಟು ವಾಪಸು ತರುವ ಕೆಲಸ. ಮತ್ತೆ ಬುಟ್ಟಿ ಹೊತ್ತು ಹೊರಟೆವು. ಎಲ್ಲರೂ ಜೋಪಾನವಾಗಿ ಇಟ್ಟಿದ್ದರು, ಮೂಲೆಯ ಮನೆಯೊಂದು ಬಿಟ್ಟು. ಆ ಮನೆಯ ಅಜ್ಜಿ ಬಾಗಿಲಲ್ಲೇ ನಿಂತು, “ಮುಟ್ಟಬ್ಯಾಡ್ರಿ ಅಂದಿದ್ದಿ, ನಾ ಮುಟ್ಟಲಿಲ್ಲವ್ವಾ. ನಮ್ಮ ಮನಿಯವರಿಗೆ ಹೇಳಿದ್ದಿಲ್ಲಲ್ಲ, ಅವ್ರು ಮುಟ್ಯಾರ” ಅಂದಳು. ಒಳಗಿನಿಂದ ಆ ಅಜ್ಜ ಕೆಮ್ಮಿದ. ಬದಲಿಗೆ ಒಂದು ಡಬ್ಬಿ ತುಂಬ ಶೇಂಗಾ ಉಂಡಿ ಕೊಟ್ಟಳು, ಮಗಳ ಉಡಿಗೆ ಹಾಕು ಅಂತ. ಅತ್ತೆ ಬೇಡ ಅನ್ನಲಿಲ್ಲ.

ಉಳಿದ ಪಾಕೀಟುಗಳು ಮತ್ತೆ ಪೆಟ್ಟಿಗೆಯಲ್ಲಿ ಕೂತು, ಕುಬಸದ ದಿನಕ್ಕೆ ಪೂರ್ತಿ ಕಲ್ಲಾದವು. ಅವತ್ತು ಬೆಳಿಗ್ಗೆ ಟೆಂಪೋದಲ್ಲಿ ನಾವು, ಓಣಿಯ ಹೆಣ್ಣುಮಕ್ಕಳು, ಬುತ್ತಿಯ ಬುಟ್ಟಿಗಳು. ಹೋಳಿಗೆ, ಕರ್ಚಿಕಾಯಿ, ಚಟ್ನಿಪುಡಿ, ಮೊಸರನ್ನ, ಅದರ ನಡುವೆ ಗೋವಿನಜೋಳದ ಹೊಟ್ಟು ತುಂಬಿದ ಡಬ್ಬಿಯಲ್ಲಿ ಹುಗಿದಿಟ್ಟ ರಸದ ಪಾಕೀಟು. ಧೂಳಾಗಿ ಕೆಡಿಸಿದ್ದೇ ಹೊಟ್ಟಾಗಿ ಕಾಯಲಿ ಅಂತ ನಮ್ಮನೆಯವರ ಉಪಾಯ. ಡಬ್ಬಿ ಅತ್ತೆಯ ತೊಡೆಯ ಮೇಲಿತ್ತು. ಬಂಕಾಪುರ ದಾಟುವಾಗ ಒಮ್ಮೆ, ಸವಣೂರಿನಲ್ಲಿ ಎಲೆ ಅಡಿಕೆ ಕೊಳ್ಳಲು ನಿಂತಾಗ ಒಮ್ಮೆ, ಹೊಟ್ಟಿನೊಳಗೆ ಕೈ ಹಾಕಿ ನೋಡಿದರು. “ಕಲ್ಲಿದ್ದಂಗ ಅದಾವು,” ಅಂದರು ಎರಡೂ ಸಲ.

ಹತ್ತಿಮತ್ತೂರಿನಲ್ಲಿ ನಾದಿನಿ ಬಾಗಿಲಿಗೇ ಬಂದು ನಿಂತಿದ್ದಳು. ಮುಖ ತುಂಬಿಕೊಂಡು, ಹೊಟ್ಟೆ ಮುಂದೆ ಮಾಡಿಕೊಂಡು. ಅವ್ವನನ್ನು ಅಪ್ಪಿಕೊಂಡವಳು ಕಿವಿಯಲ್ಲಿ ಏನೋ ಕೇಳಿದಳು. ಅತ್ತೆ ಡಬ್ಬಿ ತಟ್ಟಿ ತೋರಿಸಿದರು. ಹಸಿರು ಸೀರೆ ಉಡಿಸಿ, ನಾನು ಹೊಲಿದ ಕುಬಸ ತೊಡಿಸಿದೆವು. ಕಂಕುಳಲ್ಲಿ ಬಿಗಿಯಾದೀತೆಂದು ಒಳಗೆ ಹೆಚ್ಚಿಗೆ ಬಟ್ಟೆ ಬಿಟ್ಟಿದ್ದೆ, ಬೇಕಾಗಲಿಲ್ಲ. ಮಣೆಯ ಮೇಲೆ ಕೂರಿಸಿ ಬಳೆ ತೊಡಿಸಿದರು, ಉಡಿ ತುಂಬಿದರು, ಆರತಿ ಹಾಡು ಹಾಡಿದರು. ಅವಳು ಎಲ್ಲರಿಗೂ ನಗುತ್ತಿದ್ದಳು, ಕಣ್ಣು ಮಾತ್ರ ಆಗಾಗ ಡಬ್ಬಿಯ ಕಡೆ.

ಆರತಿ ಮುಗಿದದ್ದೇ ತಡ, ನನ್ನ ಕೈ ಹಿಡಿದು ಒಳಗಿನ ಖೋಲಿಗೆ ಕರೆದುಕೊಂಡು ಹೋದಳು. ಅಲ್ಲಿ ಅತ್ತೆ ಪಾತ್ರೆಯಲ್ಲಿ ಹಾಲು ಹಾಕಿಕೊಂಡು, ಸೀಕರಣಿ ಮಾಡಲು ಪಾಕೀಟು ಕರಗಲಿ ಅಂತ ಕಾಯುತ್ತಿದ್ದರು.

“ಕರಗಸಬ್ಯಾಡ ಬೇ,” ಅಂದಳು ನಾದಿನಿ.

“ಮತ್ತ ಹೆಂಗ ಸೀಕರಣಿ ಮಾಡ್ಲಿ?”

ನಾದಿನಿ ಸೆರಗಿನ ಅಂಚು ತಿರುವಿದಳು. “ನನಗ ಸೀಕರಣಿ ಬ್ಯಾಡ. ನನಗ ಆ ಬರ್ಫಽ ಬೇಕು. ಕಡಕಡ ಕಡದ ತಿನ್ನಬೇಕು ಅನಸತೈತಿ. ಬಸರ್ಯಾಗ ಬರ್ಫ್ ತಿಂತೇನಿ ಅಂದ್ರ ನೀ ಬೈತಿ ಅಂತ ಸೀಕರಣಿ ಅಂದಿದ್ದೆ.”

ಅತ್ತೆ ಹಾಲಿನ ಪಾತ್ರೆ ಬದಿಗೆ ಸರಿಸಿದರು. ಬಸುರಿಗೆ ತಣ್ಣೀರೂ ಕೊಡಬಾರದು ಅನ್ನುವವರು ಅವರು. ನಾನು ಮುಖ ಆಚೆ ತಿರುಗಿಸಿ ನಗು ನುಂಗಿದೆ. ಡಾಕ್ಟರು ಏನೂ ಪಥ್ಯ ಹೇಳಿಲ್ಲ ಎಂದು ನಾದಿನಿ ನನಗೆ ಮೊದಲೇ ಹೇಳಿದ್ದಳು. ಅದನ್ನು ನಾನು ಅತ್ತೆಗೆ ಹೇಳಿದೆ.

“ನೆಗಡಿ ಆದ್ರ?” ಅಂದರು, ದನಿ ಆಗಲೇ ಅರ್ಧ ಸೋತಿತ್ತು.

“ಆದ್ರ ಕಷಾಯ ಕುಡಸ್ರಿ.”

ಅತ್ತೆ ಮಗಳನ್ನು ಒಮ್ಮೆ ನೋಡಿದರು, ಪಾಕೀಟನ್ನು ಒಮ್ಮೆ ನೋಡಿದರು. ಆಮೇಲೆ ಎದ್ದು ಹೋಗಿ ಬಾಗಿಲು ಮುಂದಕ್ಕೆ ತಳ್ಳಿ, ಆ ಮನೆಯ ಒರಳಿನ ಪಕ್ಕದಲ್ಲಿದ್ದ ಕುಟ್ಟುವ ಹಾರೆ ತಂದು, ಪಾಕೀಟನ್ನು ಟವೆಲ್ಲಿನಲ್ಲಿ ಸುತ್ತಿ, ಸರಿಯಾಗಿ ನಾಲ್ಕು ಏಟು ಹಾಕಿದರು. ಬಿಚ್ಚಿದರೆ ಹಳದಿ ಹಳಕುಗಳು ಕಲ್ಲುಸಕ್ಕರೆಯ ಹಾಗೆ ಹೊಳೆಯುತ್ತಿದ್ದವು. ನಾದಿನಿ ಒಂದನ್ನು ಬಾಯಿಗೆ ಹಾಕಿ ಕಡಿದಳು. ಕಡಕ್ ಅನ್ನುವ ಸದ್ದು ನಮಗೂ ಕೇಳಿಸಿತು. ಅವಳು ಕಣ್ಣು ಮುಚ್ಚಿ ಗೋಡೆಗೆ ಒರಗಿದಳು. ಹೊಸ ಬಳೆಗಳು ಮೊಣಕೈಯವರೆಗೆ ಜಾರಿದವು.

“ಹೆಂಗೈತಿ?” ಅಂದೆ.

ಅವಳು ಇನ್ನೊಂದು ಹಳಕಿಗೆ ಕೈ ಹಾಕಿದಳು. ಕೂಸು ಒದೆಯಿತೋ ಏನೋ, ಹೊಟ್ಟೆ ಹಿಡಿದುಕೊಂಡು ನಕ್ಕಳು.

ಹೊರಗೆ ಬೀಗರು ಊಟಕ್ಕೆ ಕರೆಯುತ್ತಿದ್ದರು. ಅತ್ತೆ “ಬಂದ್ವಿ, ಬಂದ್ವಿ” ಅನ್ನುತ್ತ ಬಾಗಿಲ ಕಡೆ ಹೊರಟವರು, ತಿರುಗಿ ಬಂದು, ಟವೆಲ್ಲಿನ ಮೂಲೆಯಲ್ಲಿದ್ದ ಒಂದು ಸಣ್ಣ ಹಳಕನ್ನು ಬಾಯಿಗೆ ಹಾಕಿಕೊಂಡರು. ಒಂದು ಕಡೆ ದವಡೆಯ ಹಲ್ಲು ಇಲ್ಲದ್ದರಿಂದ ಅದನ್ನು ಇನ್ನೊಂದು ಕಡೆಗೆ ದೂಡುತ್ತ, ಕೆನ್ನೆ ಉಬ್ಬಿಸಿಕೊಂಡೇ ಬೀಗರ ಮುಂದೆ ಹೋಗಿ ನಿಂತರು.